ಸ್ರಿಯಾತುನ್ ಮತ್ತು ಹದಿನಾರನೆಯ ಅಂಕಿ

ಸುಂಬರ್‌ಕಿದುಲ್ ಗ್ರಾಮ ಕಚೇರಿಯಲ್ಲಿ ಮೂರು ಮೇಜುಗಳಿವೆ. ಬಾಗಿಲಿಗೆ ಬೆನ್ನು ಮಾಡಿ ಇಟ್ಟಿರುವುದು ಸ್ರಿಯಾತುನ್‌ದು. ಹತ್ತೊಂಬತ್ತು ವರ್ಷಗಳಿಂದ ಆಕೆ ಅಲ್ಲಿ ಗುಮಾಸ್ತೆ, ವಯಸ್ಸು ನಲವತ್ತಾರು. ಗಂಡ ಬೇಸಿಗೆಯಲ್ಲಿ ಗುಡ್ಡದ ಮೇಲಿನ ಕೇರಿಗಳಿಗೆ ನೀರಿನ ಟ್ಯಾಂಕರ್ ಓಡಿಸುತ್ತಾನೆ, ಮಳೆ ಬಿದ್ದರೆ ಮರಗೆಣಸು ನೆಡುತ್ತಾನೆ. ಊರಿನವರು ಆಕೆಯನ್ನು ತುನ್ ಎಂದು ಕರೆಯುತ್ತಾರೆ. ನಾನೂ ಹಾಗೆಯೇ ಬರೆಯುತ್ತೇನೆ.

ತುನ್ ಮಾತಾಡಿದರೆ ಪಕ್ಕದ ಮೇಜಿನವರಿಗೂ ಕೇಳಿಸದು. ಕಚೇರಿಗೆ ಬಂದವರಿಗೆ ಚಹಾದಲ್ಲಿ ಸಕ್ಕರೆ ಸಾಕೇ ಎಂದು ಕೇಳುವ ಮೊದಲು ಒಮ್ಮೆ, ಕೇಳಿದ ಮೇಲೆ ಒಮ್ಮೆ ಕ್ಷಮೆ ಕೋರುವವಳು. ನಮ್ಮ ಜಾವಾ ಸೀಮೆಯಲ್ಲಿ ಇದು ಕುಂದಲ್ಲ. ದೊಡ್ಡವರಿಗೆ ಮುಜುಗರವಾಗುವ ಮಾತನ್ನು ಗಂಟಲಲ್ಲೇ ಇಂಗಿಸಿಕೊಳ್ಳುವುದನ್ನು ನಾವು ಸಂಸ್ಕಾರ ಎನ್ನುತ್ತೇವೆ. ಆ ಸಂಸ್ಕಾರವು ಒಂದು ಬುಧವಾರ ಬೆಳಿಗ್ಗೆ ನನ್ನ ಅಕ್ಕನ ಕಣ್ಣನ್ನು ತೆಗೆದುಕೊಂಡು ಹೋಗುವುದರಲ್ಲಿತ್ತು. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ಕಣ್ಣಾರೆ ಕಾಣದ್ದನ್ನು ಬರೆಯುವುದಿಲ್ಲ.

ನನ್ನ ಅಕ್ಕನ ಹೆಸರು ಪೊನಿಯೆಮ್. ನಮ್ಮ ಹಿರಿಯರಿಗೆ ಸಂತೆಯ ವಾರವೇ ವಾರ. ಅದಕ್ಕೆ ಐದೇ ದಿನ. ಪೊನ್ ದಿನ ಹುಟ್ಟಿದ ಹೆಣ್ಣು ಪೊನಿಯೆಮ್, ಲೆಗಿ ದಿನ ಹುಟ್ಟಿದವಳು ಲೆಗಿಯೆಮ್, ವಾಗೆ ದಿನ ಹುಟ್ಟಿದವಳು ವಾಗಿಯೆಮ್. ಹುಟ್ಟಿದ ದಿನ ಅವರಿಗೆ ಹೆಸರಿನಲ್ಲೇ ಇದೆ, ತಾರೀಖು ಮಾತ್ರ ಗೊತ್ತಿಲ್ಲ. ನಾನು ಶಾಲೆಗೆ ಹೋದವನಾದ್ದರಿಂದ ಮೇಷ್ಟರು ನನಗೊಂದು ಜನ್ಮದಿನಾಂಕ ಬರೆದುಕೊಂಡರು. ಅಕ್ಕ ಶಾಲೆಗೆ ಹೋಗಲಿಲ್ಲ. ಗುರುತಿನ ಚೀಟಿಗಾಗಿ ಜನರನ್ನು ನೋಂದಾಯಿಸಲು ಬಂದ ಅಧಿಕಾರಿ, ಹುಟ್ಟಿದ ತಾರೀಖು ಹೇಳಲಾರದ ಹೆಂಗಸರಿಗೆಲ್ಲ ಒಂದೇ ಉತ್ತರ ಬರೆದ: ಡಿಸೆಂಬರ್ ಮೂವತ್ತೊಂದು, ಸಾವಿರದ ಒಂಬೈನೂರ ಐವತ್ತು. ಅವನಿಗೆ ಅದು ಸಲೀಸಾಗಿತ್ತು. ಅಂದಿನಿಂದ ನಮ್ಮೂರಿನ ಅನೇಕ ಅಜ್ಜಿಯರು ವರ್ಷದ ಕೊನೆಯ ದಿನ ಸಾಲಾಗಿ ಹುಟ್ಟಿದವರು.

ನಮ್ಮ ಗುರುತಿನ ಸಂಖ್ಯೆಗೆ ಹದಿನಾರು ಅಂಕಿ. ಮೊದಲ ಆರು ಸ್ಥಳದ್ದು, ನಂತರದ ಆರು ಹುಟ್ಟಿದ ದಿನದ್ದು, ಕೊನೆಯ ನಾಲ್ಕು ಸರದಿಯದ್ದು. ಒಂದೇ ತಾಲ್ಲೂಕಿನಲ್ಲಿ ಒಂದೇ ದಿನ ಹುಟ್ಟಿದರೆಂದು ಬರೆಸಿಕೊಂಡ ಹೆಂಗಸರಿಗೆ ಹದಿನೈದು ಅಂಕಿಗಳು ಒಂದೇ ಆಗಿ, ಕಟ್ಟಕಡೆಯದೊಂದು ಮಾತ್ರ ಬೇರೆಯಾಗಿರುವುದುಂಟು. ಅಕ್ಕನ ಚೀಟಿಯಲ್ಲಿ ಆ ಅಂಕಿ ನಾಲ್ಕು.

ಅಕ್ಕನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎಡಗಣ್ಣಿನಲ್ಲಿ ಬೆಳಕು ಕತ್ತಲೆಯ ಭೇದವಷ್ಟೇ ಉಳಿದಿತ್ತು, ಬಲಗಣ್ಣಿನಲ್ಲಿ ಮನುಷ್ಯರ ಆಕಾರ ತಿಳಿಯುತ್ತಿತ್ತು. ನಗರದಿಂದ ಒಂದು ವೈದ್ಯರ ತಂಡ ನಮ್ಮ ಆರೋಗ್ಯ ಕೇಂದ್ರಕ್ಕೆ ಬಂದು ಉಚಿತವಾಗಿ ಪೊರೆ ತೆಗೆದು ಲೆನ್ಸ್ ಕೂರಿಸುವುದೆಂದು ಗೊತ್ತಾಯಿತು. ಒಂಬತ್ತು ದಿನ ಮೊದಲು ಅವರ ಕಡೆಯವರು ಯಂತ್ರ ತಂದು ಹತ್ತೊಂಬತ್ತು ಜನರ ಕಣ್ಣಿನ ಅಳತೆ ತೆಗೆದುಕೊಂಡು ಹೋದರು. ಅವರ ಪಟ್ಟಿಯಲ್ಲಿ ಹೆಸರಿರಲಿಲ್ಲ; ಗುರುತಿನ ಸಂಖ್ಯೆ, ಯಾವ ಕಣ್ಣು, ಲೆನ್ಸ್‌ನ ಶಕ್ತಿ ಎಷ್ಟು, ಇಷ್ಟೇ. ಹಿಂದೆ ಯಾವುದೋ ಊರಿನಲ್ಲಿ ಲೆಗಿಯೆಮ್ ಎಂದು ಕೂಗಿದಾಗ ನಾಲ್ವರು ಒಟ್ಟಿಗೆ ಎದ್ದು ಬಂದಿದ್ದರಂತೆ. ಆಮೇಲೆ ಹೆಸರಿನ ಸಹವಾಸ ಬಿಟ್ಟಿದ್ದರು. ಆ ಪಟ್ಟಿಯನ್ನು ಗ್ರಾಮದ ಹೆಸರುಪಟ್ಟಿಗೆ ಜೋಡಿಸಿ, ಯಾರಿಗೆ ಯಾವ ಲೆನ್ಸ್ ಎಂದು ಸಿದ್ಧಪಡಿಸಿ ಕಳಿಸುವ ಕೆಲಸ ತುನ್‌ಗೆ ಬಿತ್ತು. ಅದನ್ನು ನೋಡಿಕೊಂಡೇ ನಗರದಲ್ಲಿ ಲೆನ್ಸ್ ಪೆಟ್ಟಿಗೆ ಕಟ್ಟುವುದು.

ಮಂಗಳವಾರ ಮಧ್ಯಾಹ್ನ ಎರಡೂಕಾಲಿಗೆ ನಾನು ಕಚೇರಿಗೆ ಹೋದಾಗ ತುನ್‌ಳ ಮುಖ ಬಿಳಿಚಿಕೊಂಡಿತ್ತು. ಕಂಪ್ಯೂಟರ್ ಪರದೆಯ ಮೇಲೆ ಹತ್ತೊಂಬತ್ತು ಹೆಸರು. ಪ್ರತಿ ಹೆಸರಿನ ಮುಂದೆಯೂ ಮಾಹಿತಿ ಸಿಗಲಿಲ್ಲ ಎಂಬ ಗುರುತು.

"ಏನಿದು?" ಎಂದೆ.

"ಹುಡುಕೋ ಸೂತ್ರ ಹಾಕಿದೀನಿ ದೊಡ್ಡಪ್ಪ. ನಮ್ ಪಟ್ಟಿಲಿರೋ ನಂಬರ್ ತಗೊಂಡು ಅವ್ರ ಪಟ್ಟಿಲಿ ಹುಡುಕ್ಬೇಕು, ಸಿಕ್ರೆ ಲೆನ್ಸ್ ತಂದು ಇಲ್ಲಿ ತೋರಿಸ್ಬೇಕು. ಒಬ್ರುದೂ ಸಿಗ್ತಿಲ್ಲ. ನಾಲ್ಕು ಗಂಟೆ ಒಳಗೆ ಕಳಿಸಿ ಅಂತ ಮೂರು ಸಲ ಫೋನ್ ಬಂತು. ಕ್ಷಮಿಸಿ."

ನಾನು ಅಕ್ಕನ ಚೀಟಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಕುಟ್ಟಿದೆ. "ಸಿಗ್ತಿಲ್ಲ ಅಂದ್ರೆ ಏನರ್ಥ? ಮನುಷ್ಯಳು ಬದುಕಿದಾಳೆ, ಚೀಟಿ ಇದೆ, ಕಣ್ಣಿನ ಅಳತೆ ತಗೊಂಡಿದಾರೆ, ನಾನೇ ಪಕ್ಕದಲ್ಲಿ ನಿಂತಿದ್ದೆ. ನಿನ್ನ ಯಂತ್ರಕ್ಕೆ ಕಾಣಿಸ್ತಿಲ್ಲ ಅಂದ್ರೆ ಮೊದ್ಲು ಅದಕ್ಕೇ ಪೊರೆ ತೆಗೆಸು!"

ಎದುರು ಮೇಜಿನ ಸುಗೆಂಗ್ ನಮ್ಮ ಸೀಮೆಯ ಕುರುಕಲಾದ ಹುರಿದ ಮಿಡತೆಯನ್ನು ಬಾಯಿಗೆ ಹಾಕಿಕೊಳ್ಳುತ್ತ ಹೇಳಿದ: "ದೊಡ್ಡಪ್ಪ, ಕೂಗಾಡಿದ್ರೆ ಯಂತ್ರ ಇನ್ನೂ ಹೆದರ್ಕೊಳತ್ತೆ. ಎರಡು ಮಿಡತೆ ತಿನ್ನಿ."

ತಿನ್ನಲಿಲ್ಲ. ಅವಳ ಬೆನ್ನ ಹಿಂದೆ ನಿಂತು ಗಡಿಯಾರ ನೋಡುತ್ತಿದ್ದೆ. ಇದನ್ನು ಬರೆಯಲೇಬೇಕು: ಅವಸರಕ್ಕೆ ಅವಸರ ಸೇರಿಸಿದವನು ನಾನು.

ತುನ್ ಮೊದಲು ಸಂಖ್ಯೆಗಳ ಹಿಂದೆ ಕಣ್ಣಿಗೆ ಕಾಣದ ಖಾಲಿ ಜಾಗ ಸೇರಿಕೊಂಡಿದೆಯೇ ಎಂದು ನೋಡಿದಳು. ಐದಾರು ಕಡೆ ಇತ್ತು, ಅಳಿಸಿದಳು. ಫಲವಿಲ್ಲ. ಸೂತ್ರ ಹುಡುಕುವ ವ್ಯಾಪ್ತಿ ಅರ್ಧಕ್ಕೇ ನಿಂತಿದೆಯೇ ಎಂದು ನೋಡಿದಳು, ಸರಿಯಾಗಿತ್ತು. ಆಮೇಲೆ ಪರದೆಗೆ ಮೂಗು ತಾಗಿಸುವಂತೆ ಬಗ್ಗಿ, "ನೋಡಿ ದೊಡ್ಡಪ್ಪ, ಅವ್ರ ನಂಬರೆಲ್ಲ ಎಡಗೋಡೆಗೆ ಒರಗಿವೆ, ನಮ್ಮವು ಬಲಗೋಡೆಗೆ" ಎಂದಳು. ತಂಡದವರು ಸಂಖ್ಯೆಯನ್ನು ಅಕ್ಷರವೆಂದು ಬರೆದಿದ್ದರು. ನಮ್ಮ ಗ್ರಾಮದ ಪಟ್ಟಿಯಲ್ಲಿ, ತುನ್‌ಗಿಂತ ಹಿಂದಿನ ಗುಮಾಸ್ತನ ಕಾಲದಿಂದ, ಅದು ಲೆಕ್ಕದ ಸಂಖ್ಯೆಯಾಗಿತ್ತು. ನಮ್ಮ ಕಣ್ಣಿಗೆ ಎರಡೂ ಒಂದೇ. ಯಂತ್ರದ ಮಟ್ಟಿಗೆ ಅಕ್ಷರದ ನಾಲ್ಕು ಬೇರೆ, ಲೆಕ್ಕದ ನಾಲ್ಕು ಬೇರೆ.

ಮದ್ದೂ ಅವಳಿಗೆ ಹೊಳೆಯಿತು. ತಂಡದವರ ಸಂಖ್ಯೆಗಳನ್ನೆಲ್ಲ ಒಂದರಿಂದ ಗುಣಿಸಿದಳು. ಒಂದರಿಂದ ಗುಣಿಸಿದರೆ ಬೆಲೆ ಬದಲಾಗದು, ಅಕ್ಷರ ಮಾತ್ರ ಲೆಕ್ಕವಾಗುತ್ತದೆ. ಗುಂಡಿ ಒತ್ತಿದ ಕೂಡಲೇ ಹತ್ತೊಂಬತ್ತು ಚೌಕಗಳೂ ಒಟ್ಟಿಗೆ ತುಂಬಿಕೊಂಡವು. ಆಗ ಮೂರು ಗಂಟೆ ನಲವತ್ತು ನಿಮಿಷ. ಸುಗೆಂಗ್ ಚಪ್ಪಾಳೆ ಹೊಡೆದ. ತುನ್ ದೇವರಿಗೆ ಕೃತಜ್ಞತೆ ಹೇಳಿ, ಕಣ್ಣೊರೆಸಿಕೊಂಡು, ಪಟ್ಟಿಯನ್ನು ಕಳಿಸಿದಳು. ನಾನು, "ಇದೇ ಮೊದ್ಲೇ ಮಾಡಿದ್ರೆ ಆಗ್ತಿತ್ತಲ್ಲ" ಎಂದು ಹೇಳಿ ಮನೆಗೆ ಹೋದೆ.

ಬುಧವಾರ ಬೆಳಿಗ್ಗೆ ಆರೂವರೆಗೆ ಆರೋಗ್ಯ ಕೇಂದ್ರದ ಜಗುಲಿಯಲ್ಲಿ ರೋಗಿಗಳೆಲ್ಲ ಹಸಿರು ಟೊಪ್ಪಿ ಹಾಕಿಕೊಂಡು ಬೆಂಚುಗಳ ಮೇಲೆ ಕೂತಿದ್ದರು. ಎಂಟಕ್ಕೆ ಮೊದಲ ಶಸ್ತ್ರಚಿಕಿತ್ಸೆ. ಯುಲಿ ಎಂಬ ನರ್ಸ್ ಪಟ್ಟಿ ಹಿಡಿದು, ಯಾವ ಕಣ್ಣಿಗೆ ಚಿಕಿತ್ಸೆಯೋ ಆ ಹುಬ್ಬಿನ ಮೇಲೆ ಬಿಳಿ ಟೇಪ್ ಅಂಟಿಸುತ್ತಿದ್ದಳು. ಅಕ್ಕನ ಬಲಹುಬ್ಬಿಗೆ ಅಂಟಿಸಿದಳು.

"ಮಗಳೇ, ಕೆಟ್ಟಿರೋದು ಆ ಕಡೆದಲ್ವಾ?" ಎಂದಳು ಅಕ್ಕ. "ಇದ್ರಲ್ಲಿ ಇನ್ನೂ ನಿನ್ನ ಆಕಾರ ಕಾಣತ್ತೆ. ಕೊಬ್ಬರಿ ತುರಿಯೋ ಮಣೆ ಥರ ಇದೀಯ."

"ಪಟ್ಟಿಲಿ ಬಲಗಣ್ಣು ಅಂತಿದೆ ಅಜ್ಜಿ."

"ಪಟ್ಟಿ ನನ್ ಕಣ್ಣಲ್ಲಿ ನೋಡತ್ತಾ?"

ನರ್ಸ್ ನಕ್ಕು, ಟಾರ್ಚ್ ಹಾಕಿ ನೋಡಿದಳು. ಎಡಗಣ್ಣು ಹಾಲಿನಂತಿತ್ತು. "ಬರೆಯೋವಾಗ ಕೈತಪ್ಪಿರಬೇಕು" ಎಂದು, ಪಟ್ಟಿಯಲ್ಲಿ ಬಲ ಎಂಬುದನ್ನು ಪೆನ್ನಿನಿಂದ ಹೊಡೆದು ಎಡ ಎಂದು ಬರೆದು, ಟೇಪನ್ನು ಎಡಹುಬ್ಬಿಗೆ ಬದಲಿಸಿ ಮುಂದೆ ಹೋದಳು.

ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತಮೂರು ವರ್ಷ ನಾಲ್ಕು ತಿಂಗಳು ಸಂತೆಸಂತೆ ತಿರುಗಿ ತಕ್ಕಡಿ ಪರೀಕ್ಷಿಸಿದವನು. ಒಂದು ಕಿಲೋಗೆ ತಪ್ಪು ತೋರಿಸುವ ತಕ್ಕಡಿ ಎರಡು ಕಿಲೋಗೆ ಸರಿ ತೋರಿಸುವುದಿಲ್ಲ. ಅದೇ ಸಾಲಿನಲ್ಲಿ ಕಣ್ಣು ತಪ್ಪಾಗಿದ್ದರೆ, ಮುಂದಿನ ಚೌಕದಲ್ಲಿರುವ ಲೆನ್ಸ್ ಸರಿಯೆಂದು ನಂಬುವುದು ಹೇಗೆ? ಬಾಗಿಲಿಗೆ ಅಂಟಿಸಿದ್ದ ಪಟ್ಟಿಯ ಪ್ರತಿಯ ಬಳಿ ಹೋಗಿ ಓದಿದೆ. ಪೊನಿಯೆಮ್: ಬಲ, ಇಪ್ಪತ್ತೊಂದೂವರೆ. ಅವಳ ಕೆಳಗೆ ಇನ್ನೊಬ್ಬ ಪೊನಿಯೆಮ್: ಬಲ, ಇಪ್ಪತ್ತೊಂದೂವರೆ. ಲೆಗಿಯೆಮ್: ಬಲ, ಇಪ್ಪತ್ತೊಂದೂವರೆ. ವಾಗಿಯೆಮ್: ಬಲ, ಇಪ್ಪತ್ತೊಂದೂವರೆ. ಬೆರಳಿಟ್ಟು ಎಣಿಸಿದೆ. ಏಳು. ಏಳೂ ಜನ ಹೆಂಗಸರು.

ವಾಗಿಯೆಮ್ ಪೊರೆ ಬರುವ ತನಕ ಎದುರು ಗುಡ್ಡದ ಮೇಲೆ ಮೇಯುವ ಮೇಕೆಗಳನ್ನು ಅಂಗಳದಿಂದಲೇ ಎಣಿಸುತ್ತಿದ್ದವಳು. ನನ್ನ ಅಕ್ಕ ಹುಡುಗಿಯಾಗಿದ್ದಾಗಲೂ ಅಕ್ಕಿಯ ಕಲ್ಲನ್ನು ಮೂಗಿನ ತುದಿಗೆ ಹಿಡಿದು ಆರಿಸಿದವಳು. ಈ ಇಬ್ಬರ ಕಣ್ಣಿಗೆ ಒಂದೇ ಅಳತೆಯ ಗಾಜು!

ತುನ್ ಜಗುಲಿಯ ತುದಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಹಾಜರಿ ಬರೆಯುತ್ತಿದ್ದಳು. ರಟ್ಟೆ ಹಿಡಿದು ಬಾಗಿಲ ಬಳಿ ಕರೆತಂದೆ.

"ಓದು."

ಓದಿದಳು. ಏಳನೆಯ ಸಾಲಿಗೆ ಬಂದವಳು ಮತ್ತೆ ಮೊದಲಿನಿಂದ ಓದಿದಳು.

"ನಿನ್ನೆ ಎಲ್ಲ ಬಂದಿತ್ತಲ್ಲ ದೊಡ್ಡಪ್ಪ! ಎಲ್ಲಾ ಚೌಕನೂ ತುಂಬಿತ್ತಲ್ಲ!"

"ತುಂಬಿತ್ತು. ಏನು ತುಂಬಿತ್ತು ಅಂತ ನೀನೂ ನೋಡಲಿಲ್ಲ, ನಾನೂ ನೋಡಲಿಲ್ಲ."

ಅವಳು ಓಡಿ ಹೋಗಿ ನೆಲದ ಮೇಲೆಯೇ ಕೂತು ಕಂಪ್ಯೂಟರನ್ನು ಮಡಿಲಿಗೆಳೆದುಕೊಂಡಳು. ಗ್ರಾಮದ ಪಟ್ಟಿಯಲ್ಲಿ ಗುರುತಿನ ಸಂಖ್ಯೆಯ ಕಾಲಂ ಕಿರಿದಾಗಿತ್ತು. ಇಷ್ಟು ವರ್ಷವೂ ಅದರಲ್ಲಿ ಸಂಖ್ಯೆ ಪೂರ್ತಿ ಕಾಣಿಸದೆ, ಚುಟುಕಾಗಿ ಕುಗ್ಗಿಕೊಂಡೇ ಇತ್ತು. ಅದನ್ನು ಅಗಲ ಮಾಡಿ ಪೂರ್ಣ ಅಂಕಿ ಕಾಣುವಂತೆ ಮಾಡಿದಳು. ನಾವಿಬ್ಬರೂ ನೋಡಿದೆವು. ಊರಿನ ಎಲ್ಲರ ಸಂಖ್ಯೆಯೂ ಸೊನ್ನೆಯಲ್ಲಿ ಮುಗಿದಿತ್ತು. ಮೇಲಿಂದ ಕೆಳಗೆ, ಪುಟದ ನಂತರ ಪುಟ, ಸೊನ್ನೆ, ಸೊನ್ನೆ, ಸೊನ್ನೆ.

"ದೊಡ್ಡಪ್ಪ, ನಿಮ್ ಚೀಟಿ ಕೊಡಿ" ಎಂದಳು. ನನ್ನ ಸಂಖ್ಯೆಯ ಕೊನೆಯ ಅಂಕಿ ಎರಡು. ಖಾಲಿ ಚೌಕವೊಂದರಲ್ಲಿ, ನಾನು ನೋಡುತ್ತಿದ್ದಂತೆಯೇ, ಒಂದೊಂದಾಗಿ ಹದಿನಾರು ಅಂಕಿ ಒತ್ತಿದಳು. ಕೊನೆಯಲ್ಲಿ ಎರಡು ಇತ್ತು. ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಗುಂಡಿ ಒತ್ತಿದಳು. ಎರಡು ಹೋಯಿತು. ಅದರ ಜಾಗದಲ್ಲಿ ಸೊನ್ನೆ ಕೂತಿತು. ಸದ್ದಿಲ್ಲ, ಎಚ್ಚರಿಕೆಯಿಲ್ಲ.

"ಹದಿನೈದಕ್ಕಿಂತ ಜಾಸ್ತಿ ಇದಕ್ಕೆ ಹಿಡಿಯಲ್ಲ" ಎಂದಳು ತುನ್ ಪಿಸುಗುಟ್ಟುತ್ತ. "ಹದಿನಾರನೇದನ್ನ ನುಂಗಿ ಸೊನ್ನೆ ಇಡತ್ತೆ. ಅಕ್ಷರ ಅಂತ ಬರೆದಿದ್ರೆ ನುಂಗ್ತಿರ್ಲಿಲ್ಲ. ಅವ್ರು ಹಾಗೇ ಬರೆದಿದ್ರು, ಸರಿಯಾಗೇ ಬರೆದಿದ್ರು. ನಾನೇ ಒಂದರಿಂದ ಗುಣಿಸಿ ಲೆಕ್ಕ ಮಾಡ್ದೆ. ಏಳು ಜನರ ಕೊನೆ ಅಂಕಿ ಹೋಗಿ ಎಲ್ರೂ ಒಬ್ರೇ ಆಗ್ಬಿಟ್ರು. ಸೂತ್ರ ಮೊದ್ಲು ಸಿಕ್ಕೋರನ್ನ ತಂದು ಎಲ್ರ ಮುಂದೆ ಇಡ್ತು. ಮೊದ್ಲು ಇದ್ದಿದ್ದು ವಾಗಿಯೆಮ್ ಅಜ್ಜಿ."

ಹಾಗಾದರೆ ಮಂಗಳವಾರ ಎರಡೂಕಾಲಿಗೆ ಸಿಗಲಿಲ್ಲ ಎಂದಿತ್ತಲ್ಲ, ಆಗ ಆ ಯಂತ್ರ ನಿಜ ಹೇಳಿತ್ತು. ನಾನು ಮೇಜು ಕುಟ್ಟಿ ಬೈದದ್ದು ನಿಜಕ್ಕೆ; ತುನ್ ಕಣ್ಣೊರೆಸಿಕೊಂಡು ಕೃತಜ್ಞತೆ ಹೇಳಿದ್ದು ಸುಳ್ಳಿಗೆ.

ಏಳೂಮುಕ್ಕಾಲಾಗಿತ್ತು. ಊರಿನ ಮುಖ್ಯಸ್ಥರು, ನಾವು ಪಾಕ್ ಲುರಾ ಎನ್ನುವವರು, ಇಸ್ತ್ರಿ ಮಾಡಿದ ಚಿತ್ತಾರದ ಬಾತಿಕ್ ಅಂಗಿ ತೊಟ್ಟು ಅತಿಥಿಗಳಿಗೆ ಚಹಾ ಮಾಡಿಸುತ್ತಿದ್ದರು. ತುನ್ ಅವರ ಮುಂದೆ ಬಗ್ಗಿ ನಿಂತು ಎಲ್ಲವನ್ನೂ ಹೇಳಿದಳು. ಅವರ ನಗು ಮುಖದ ಮೇಲೆ ಹಾಗೆಯೇ ಇತ್ತು. ಧ್ವನಿ ಮಾತ್ರ ತಗ್ಗಿತು.

"ಈಗ ಹೇಳಿದ್ರೆ ಹೇಗಮ್ಮ ತುನ್? ಡಾಕ್ಟರಮ್ಮ ಅಷ್ಟು ದೂರದಿಂದ ಬಂದಿದಾರೆ. ಜಿಲ್ಲಾ ಕಚೇರಿಯವ್ರು ಫೋಟೋ ತೆಗೆಯೋಕೆ ಬರ್ತಿದಾರೆ. ಅವ್ರು ತಜ್ಞರು, ನೋಡ್ಕೋತಾರೆ. ಅಜ್ಜಿಯರಿಗೆ ಅರ್ಧಂಬರ್ಧ ಕಂಡ್ರೂ ಈಗಿನಕ್ಕಿಂತ ಮೇಲೇ ಅಲ್ವಾ?"

"ಅರ್ಧಂಬರ್ಧ!" ಎಂದು ನಾನು ಕಿರುಚಿದೆ. "ನಿಮ್ಮ ಅಂಗಿಗೆ ನನ್ನ ಅಂಗಿ ಅಳತೆ ಕೊಟ್ರೆ ಹಾಕ್ಕೋತೀರಾ?"

"ನೀವು ಸ್ವಲ್ಪ ಕೂತ್ಕೊಳ್ಳಿ ಯಜಮಾನ್ರೇ, ಬಿಪಿ ಏರತ್ತೆ" ಎಂದರು ಅವರು, ಅದೇ ನಗುವಿನಲ್ಲಿ.

ನಾನು ಇನ್ನೇನೋ ಹೇಳುವಷ್ಟರಲ್ಲಿ ತುನ್ ಅಲ್ಲಿರಲಿಲ್ಲ. ಹತ್ತೊಂಬತ್ತು ವರ್ಷಗಳಲ್ಲಿ ಮುಖ್ಯಸ್ಥರು ಮಾತಾಡುತ್ತಿರುವಾಗ ಬೆನ್ನು ತಿರುಗಿಸಿ ಹೋದವಳಲ್ಲ. ಒಳಗೆ ಬರಕೂಡದು ಎಂದು ಕೆಂಪಕ್ಷರದಲ್ಲಿ ಬರೆದಿದ್ದ ಬಾಗಿಲನ್ನು ಎರಡೂ ಕೈಯಿಂದ ತಳ್ಳಿದಳು. ಒಳಗಿನ ಕೋಣೆಯಲ್ಲಿ ಡಾಕ್ಟರ್ ಲಿಲಿಯಾನಾ ಕೈ ತೊಳೆಯುತ್ತಿದ್ದರು. ಮೊದಲ ರೋಗಿಯನ್ನು ಆಗಲೇ ಮಂಚದ ಮೇಲೆ ಮಲಗಿಸಿ ಕಣ್ಣಿಗೆ ಮರಗಟ್ಟಿಸುವ ಹನಿ ಬಿಟ್ಟಿದ್ದರು. ಮಲಗಿದ್ದವಳು ನನ್ನ ಅಕ್ಕ.

"ನಿಲ್ಸಿ!"

ಆ ಧ್ವನಿ ತುನ್‌ದೆಂದು ನಾನು ನಂಬಲಿಲ್ಲ. ಜಗುಲಿಯಲ್ಲಿ ಚಹಾ ಲೋಟ ಒಂದು ಕೆಳಗೆ ಬಿತ್ತು.

"ಪಟ್ಟಿ ತಪ್ಪು ಡಾಕ್ಟರ್. ಈ ಲೆನ್ಸ್ ಈ ಅಜ್ಜಿದಲ್ಲ. ಏಳು ಜನಕ್ಕೆ ಒಬ್ಬರದ್ದೇ ಅಳತೆ ಹೋಗಿದೆ. ತಪ್ಪು ಮಾಡಿದ್ದು ನಾನು, ನಿನ್ನೆ ಮೂರು ನಲವತ್ತಕ್ಕೆ. ಬೇರೆ ಯಾರೂ ಅಲ್ಲ. ನಿಮ್ಮವರ ಅಳತೆ ಸರಿಯಾಗಿದೆ. ಕಾಲು ಗಂಟೆ ಕೊಡಿ, ಚೀಟಿ ನೋಡಿ ಸರಿ ಮಾಡ್ಕೊಡ್ತೀನಿ."

ಡಾಕ್ಟರ್ ತೊಟ್ಟಿಕ್ಕುವ ಕೈಗಳನ್ನು ಎತ್ತಿ ಹಿಡಿದೇ ನಿಂತರು. ಬೈಯಲಿಲ್ಲ. "ಕಾಲು ಗಂಟೆ ಬೇಡ. ಅರ್ಧ ಗಂಟೆ ತಗೊಳ್ಳಿ. ಎರಡು ಸಲ ಓದಿ" ಎಂದರು.

ತುನ್ ಏಳು ಹೆಂಗಸರ ಮುಂದೆ ಒಬ್ಬೊಬ್ಬರಾಗಿ ಮಂಡಿಯೂರಿ ಕೂತಳು. ಕಾಲಂ ಅನ್ನು ಮೊದಲೇ ಅಕ್ಷರಕ್ಕೆಂದು ಗೊತ್ತುಮಾಡಿ, ಚೀಟಿಯಿಂದ ಹದಿನಾರು ಅಂಕಿಗಳನ್ನು ಹೊಸದಾಗಿ ಬರೆದಳು. ನಾನು ಚೀಟಿ ಹಿಡಿದು ಗಟ್ಟಿಯಾಗಿ ಓದಿದೆ, ಅವಳು ಪರದೆ ನೋಡಿ ತಿರುಗಿ ಓದಿದಳು. ತಂಡದವರು ಮೊದಲು ಕಳಿಸಿದ, ಗುಣಿಸದೆ ಉಳಿದಿದ್ದ ಪಟ್ಟಿಗೆ ಜೋಡಿಸಿದಳು. ಈಗ ಏಳು ಸಾಲಿಗೆ ಏಳು ಬೇರೆಬೇರೆ ಉತ್ತರ ಬಂದವು. ಅಕ್ಕನದು: ಎಡ, ಹದಿನೈದು.

ಇಪ್ಪತ್ತೊಂದೂವರೆಯ ಲೆನ್ಸ್ ಹಾಕಿದ್ದರೆ ಏನಾಗುತ್ತಿತ್ತು ಎಂದು ನಾನು ಡಾಕ್ಟರನ್ನು ಕೇಳಿದೆ. ಅವರು ತಮ್ಮ ಅಂಗೈಯನ್ನು ಮುಖದಿಂದ ಒಂದು ಗೇಣು ದೂರ ಹಿಡಿದು ತೋರಿಸಿದರು. "ಇಲ್ಲಿವರೆಗೆ ಚೆನ್ನಾಗಿ ಕಾಣ್ತಿತ್ತು. ಆಚೆಗೆಲ್ಲ ಮಂಜು. ವಯಸ್ಸಾಯ್ತಲ್ಲ, ಹೀಗೇ ಅಂತ ಎಲ್ರೂ ಸಮಾಧಾನ ಹೇಳ್ತಿದ್ರು. ಯಾರಿಗೂ ಗೊತ್ತಾಗ್ತಿರ್ಲಿಲ್ಲ."

ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಪಟ್ಟಿ ಸರಿಯಾಯಿತು; ಪೆಟ್ಟಿಗೆ ಸರಿಯಾಗಲಿಲ್ಲ. ತಪ್ಪು ಪಟ್ಟಿಯನ್ನು ನೋಡಿ ಕಟ್ಟಿದ ಪೆಟ್ಟಿಗೆ ಅದು. ಏಳು ಇಪ್ಪತ್ತೊಂದೂವರೆ ಸಾಲಾಗಿ ಕೂತಿದ್ದವು. ವಾಗಿಯೆಮ್‌ಗೆ ಅವಳದೇ ಸಿಕ್ಕಿತು. ಹೆಚ್ಚುವರಿಯೆಂದು ತಂದಿದ್ದವುಗಳಲ್ಲಿ ಎರಡು ಇನ್ನಿಬ್ಬರಿಗೆ ಹೊಂದಿದವು. ಉಳಿದ ಹನ್ನೆರಡು ಜನರ ಸಾಲುಗಳನ್ನೂ ಡಾಕ್ಟರ್ ಚೀಟಿಯೊಡನೆ ತಾಳೆ ನೋಡಿಸಿದರು, ಅವು ಸರಿಯಾಗಿದ್ದವು. ಒಟ್ಟು ಹದಿನೈದು ಜನರಿಗೆ ಅಂದು ಚಿಕಿತ್ಸೆಯಾಯಿತು. ನಾಲ್ವರು ಹಸಿರು ಟೊಪ್ಪಿ ತೆಗೆದಿಟ್ಟರು. ಅಕ್ಕ ಅವರಲ್ಲಿ ಒಬ್ಬಳು.

ಆ ನಾಲ್ವರು ಬೆಂಚಿನ ಮೇಲೆ ಕೂತಿದ್ದಾಗ ಸುಗೆಂಗ್ ಸಮಾಧಾನ ಹೇಳಲು ಬಂದ: "ಯಂತ್ರದ ತೊಂದ್ರೆ ಅಜ್ಜಿ, ಏನ್ ಮಾಡೋದು."

ತುನ್ ಅವನನ್ನು ತಡೆದಳು. ಈಗ ಧ್ವನಿ ಮತ್ತೆ ಮೊದಲಿನಷ್ಟೇ ಸಣ್ಣಗಿತ್ತು. "ಯಂತ್ರದ್ದಲ್ಲ ಅಜ್ಜಿ. ನಾನು ನೋಡದೇ ಕಳಿಸ್ದೆ. ನಿಮಗೆ ಇವತ್ತು ಕಣ್ಣು ಬರಬೇಕಿತ್ತು. ನನ್ನಿಂದ ಬರಲಿಲ್ಲ."

ಇನ್ನೊಬ್ಬ ಪೊನಿಯೆಮ್ ಮುಖ ತಿರುಗಿಸಿಕೊಂಡಳು. ಅವಳು ಮೊಮ್ಮಗಳ ಮದುವೆಯನ್ನು ನೋಡಬೇಕೆಂದು ಬಂದವಳು, ಮದುವೆಗೆ ಮೂರೇ ವಾರವಿತ್ತು. ಲೆಗಿಯೆಮ್ ಅತ್ತಳು. ನನ್ನ ಅಕ್ಕ ಕೈ ಚಾಚಿ ತುನ್‌ಳ ಮುಖವನ್ನು ಹುಡುಕಿ, ಕಿವಿ ಹಿಡಿದು ಸಣ್ಣಗೆ ಹಿಂಡಿದಳು.

"ನಾಲ್ಕು ವರ್ಷ ಕತ್ಲೇಲಿದ್ದೆ, ಇನ್ನೊಂದು ಸಂತೆ ನಾಲ್ಕು ಸಂತೆ ಇರ್ತೀನಿ. ಬೇರೆಯವಳ ಕಣ್ಣು ಹಾಕ್ಕೊಂಡು ಮನೆಗೆ ಹೋಗಿದ್ರೆ ಯಾರ ಕಿವಿ ಹಿಂಡೋದು?" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಇವಳನ್ನ ಅವಸರ ಮಾಡಿಸಿದ್ದು ನೀನಲ್ವೇನೋ? ಕಿವಿ ತಾ ಇಲ್ಲಿ" ಎಂದಳು. ಅರವತ್ತೇಳು ವರ್ಷದ ನಾನು ಜನರೆದುರು ಕಿವಿ ಕೊಟ್ಟೆ.

ಎಪ್ಪತ್ತಮೂರು ದಿನಗಳ ನಂತರ ತಂಡ ಮತ್ತೆ ಬಂದು ನಾಲ್ವರಿಗೂ ಅವರವರ ಲೆನ್ಸ್ ಹಾಕಿತು. ಮದುವೆ ಅಷ್ಟರಲ್ಲಿ ಮುಗಿದಿತ್ತು. ಇನ್ನೊಬ್ಬ ಪೊನಿಯೆಮ್ ಇಂದಿಗೂ ತುನ್ ಎದುರಾದರೆ ಮಾತಾಡುವುದಿಲ್ಲ. ಅವಳದು ತಪ್ಪೆಂದು ನಾನು ಹೇಳಲಾರೆ. ಅಕ್ಕ ಈಗ ಅಕ್ಕಿಯ ಕಲ್ಲನ್ನು ತೊಡೆಯ ಮೇಲೆ ಮೊರ ಇಟ್ಟುಕೊಂಡೇ ಆರಿಸುತ್ತಾಳೆ. ಆ ಎಪ್ಪತ್ತಮೂರು ದಿನಗಳಲ್ಲಿ ತುನ್ ನಮ್ಮೂರಿನ ಮೂರು ಸಾವಿರದ ನೂರ ಎಂಟು ಜನರ ಕೊನೆಯ ಅಂಕಿಯನ್ನು ಮನೆಮನೆಗೆ ಹೋಗಿ ಚೀಟಿ ನೋಡಿ ತಿರುಗಿ ಬರೆದಳು. ಯಾರೂ ಅವಳಿಗೆ ಆ ಕೆಲಸ ಹೇಳಿರಲಿಲ್ಲ.

ಕಳೆದ ವಾರ ಗ್ರಾಮ ಕಚೇರಿಯ ವಾರ್ಷಿಕ ವರದಿಯನ್ನು ಗೋಡೆಗೆ ಅಂಟಿಸಿದರು. ಕಣ್ಣಿನ ಶಿಬಿರದ ಬಗ್ಗೆ ಅದರಲ್ಲಿ ಒಂದು ಸಾಲಿದೆ: ಸಣ್ಣ ತಾಂತ್ರಿಕ ಅಡಚಣೆಯ ಹೊರತು ಶಿಬಿರವು ಸುಸೂತ್ರವಾಗಿ ನಡೆಯಿತು. ತುನ್ ತಾನು ಬರೆದುಕೊಟ್ಟ ಒಂದು ಪುಟದ ಹೇಳಿಕೆಯಲ್ಲಿ ದಿನ, ಗಂಟೆ, ತಪ್ಪು, ತನ್ನ ಹೆಸರು, ಎಲ್ಲವನ್ನೂ ಕೊಟ್ಟಿದ್ದಳು. ಅದನ್ನು ಪಾಕ್ ಲುರಾ ಅವರು, ಅವಳ ಒಳ್ಳೆಯದಕ್ಕೇ ಎಂದು ಹೇಳಿ, ವರದಿಯಿಂದ ತೆಗೆದರಂತೆ. ಅಕ್ಕಪಕ್ಕದ ಊರುಗಳಲ್ಲಿಯೂ ಇದೇ ಬಗೆಯ ಪಟ್ಟಿಗಳಿವೆ, ಡಿಸೆಂಬರ್ ಮೂವತ್ತೊಂದಕ್ಕೆ ಹುಟ್ಟಿದ ಅಜ್ಜಿಯರಿದ್ದಾರೆ. ಆ ಪುಟದ ಪ್ರತಿಯನ್ನು ನಾನು ತುನ್‌ಳಿಂದ ಕೇಳಿ ಪಡೆದು, ಸುತ್ತಿನ ಹನ್ನೊಂದು ಗ್ರಾಮ ಕಚೇರಿಗಳಿಗೆ ಬಸ್ಸಿನಲ್ಲಿ ಹೋಗಿ ಕೈಯಾರೆ ಕೊಟ್ಟು, ತಲುಪಿತೆಂದು ಸಹಿ ಹಾಕಿಸಿಕೊಂಡು ಬಂದಿದ್ದೇನೆ. ಒಂಬತ್ತು ಕಡೆ ಸಹಿ ಮಾಡಿದರು. ಎರಡು ಕಡೆ ಮಾಡಲಿಲ್ಲ. ಸೋಮವಾರ ಮತ್ತೆ ಹೋಗುತ್ತೇನೆ.